ಮುಟ್ಟು ಬಂದಾಗಲೇ ಕಾಲು ಸೆಳೆಯುತ್ತದೆಯೇ? ಕ್ಯಾಲೆಂಡರ್ ಹಿಡಿದು ಆಸ್ಪತ್ರೆಗೆ ಹೋಗಿ

ಶೇಂಗಾ, ಈರುಳ್ಳಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಸೊಂಟ ಹಿಡಿಯುವುದು, ಕಾಲು ಜೋಮುಗಟ್ಟುವುದು ಚಿತ್ರದುರ್ಗ ಸೀಮೆಯಲ್ಲಿ ಹೊಸದಲ್ಲ. ‘ನರ ಹಿಡ್ಕಂಡೈತೆ’ ಎಂದು ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಾಗುತ್ತಾರೆ. ಬಹುಪಾಲು ಇದು ಬೆನ್ನುಮೂಳೆಯ ತೊಂದರೆಯೇ. ಆದರೆ ಕೆಲವರಲ್ಲಿ ನೋವಿನ ಬೇರು ಕಿಬ್ಬೊಟ್ಟೆಯಲ್ಲಿರುತ್ತದೆ.

ಕಾಲಿಗೆ ಬರುವ ಸಯಾಟಿಕ್ ನರ ಕಿಬ್ಬೊಟ್ಟೆಯ ಹಿಂಗೋಡೆಗೆ ಒತ್ತಿಕೊಂಡೇ ಇಳಿಯುತ್ತದೆ. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಹೊರಗೆಲ್ಲೋ ಬೆಳೆಯುವ ಕಾಯಿಲೆ ಎಂಡೊಮೆಟ್ರಿಯೋಸಿಸ್. ಅಪರೂಪಕ್ಕೆ ಅದು ಈ ನರಕ್ಕೂ ಅಂಟುತ್ತದೆ, ಮುಟ್ಟಿನ ಹೊತ್ತಿಗೆ ಬಾತು ನರವನ್ನು ಕೆರಳಿಸುತ್ತದೆ. ವೈದ್ಯ ಪತ್ರಿಕೆಗಳಲ್ಲಿ ಇದರ ವರದಿ 1955ರಷ್ಟು ಹಳೆಯದು. ಗರ್ಭಕೋಶದ ದೊಡ್ಡ ಗಡ್ಡೆ (ಫೈಬ್ರಾಯ್ಡ್), ಅಂಡಾಶಯದ ಗಡ್ಡೆಗಳೂ ನರ ಒತ್ತಬಲ್ಲವು. ಆ ನೋವಿಗೆ ತಿಂಗಳ ಲೆಕ್ಕ ಇರಲೇಬೇಕೆಂದಿಲ್ಲ.

ಮೊದಲ ಕೆಲಸ ಮನೆಯದೇ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನಕ್ಕೆ ಸುತ್ತು ಹಾಕಿ, ಕಾಲು ನೊಂದ ದಿನಕ್ಕೆ ಗೆರೆ ಎಳೆಯಿರಿ. ಎರಡು ಮೂರು ತಿಂಗಳು ಸಾಕು. ಗೆರೆಗಳು ಮುಟ್ಟಿಗೆ ತುಸು ಮುಂಚೆ ಶುರುವಾಗಿ, ಮುಗಿದ ಮೇಲೆ ಮಾಯವಾಗುತ್ತಿದ್ದರೆ ಅದು ದೊಡ್ಡ ಸುಳಿವು. ವರ್ಷ ಕಳೆದಂತೆ ನೋವಿಲ್ಲದ ದಿನಗಳು ಕಡಿಮೆಯಾಗಿ ದಿನವೂ ನೋಯಬಹುದು. ಹಾಗಿದ್ದರೆ ಶುರುವಿನಲ್ಲಿ ಹೇಗಿತ್ತು ಎಂದು ನೆನಪಿಸಿಕೊಳ್ಳಿ.

ಎರಡನೆಯದು, ಜಾಗ ಗುರುತಿಸುವುದು. ಪಿರ್ರೆಯಿಂದ ತೊಡೆಯ ಹಿಂದೆ ಪಾದದವರೆಗೆ ಎಳೆದರೆ ಸಯಾಟಿಕ್. ಒಳತೊಡೆ ನೋವು, ತೊಡೆಯ ಮುಂಭಾಗದ ಜೋಮು, ಮಂಡಿ ಕುಸಿಯುವುದು ಬೇರೆ ನರಗಳ ದೂರು. ನಡೆಯುವಾಗ ಹವಾಯಿ ಚಪ್ಪಲಿ ಗೊತ್ತಿಲ್ಲದೆ ಕಳಚಿ ಹಿಂದೆ ಉಳಿಯುತ್ತಿದ್ದರೆ ಪಾದದ ಶಕ್ತಿ ಕುಂದಿದೆ ಎಂದರ್ಥ. ಕ್ಯಾಲೆಂಡರ್ ತುಂಬುವವರೆಗೆ ಕಾಯಬೇಡಿ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಗತ್ಯವಿದ್ದರೆ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಬರೆಸಿಕೊಳ್ಳಿ. ಪಡಿತರ ಚೀಟಿ, ಆಧಾರ್, ಹಳೆಯ ಚೀಟಿಗಳು ಜತೆಗಿರಲಿ. ಮೂಳೆ ಡಾಕ್ಟರ ಮುಂದೆ ಮುಟ್ಟಿನ ಮಾತೆತ್ತಲು ನಮ್ಮವರು ನಾಚುತ್ತಾರೆ, ಎಡವುವುದೇ ಅಲ್ಲಿ. ‘ಸಾರ್, ಮುಟ್ಟಾದಾಗ್ಲೇ ಕಾಲು ಸೆಳೀತೈತೆ’ ಎಂಬ ಒಂದು ಮಾತು ಸಾಕು, ತನಿಖೆಯ ದಿಕ್ಕೇ ಬದಲಾಗಬಹುದು. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಂಡೀತು, ನರದ ಮೇಲಿನ ಅಂಟು ಕಾಣದೇ ಹೋಗಬಹುದು. ಬೆನ್ನಿನ ಎಂಆರ್‌ಐ ಸರಿಯಿದೆ ಎಂದರೆ, ಕಿಬ್ಬೊಟ್ಟೆಯದೂ ಬೇಕೇ ಎಂದು ಕೇಳಿ.

ಎಂಡೊಮೆಟ್ರಿಯೋಸಿಸ್ ಎಂದಾದರೆ ಚಿಕಿತ್ಸೆ ಸಾಮಾನ್ಯವಾಗಿ ಹಾರ್ಮೋನ್ ಮಾತ್ರೆಯಿಂದ ಶುರು. ಕೆಲವರಿಗೆ ಶಸ್ತ್ರಚಿಕಿತ್ಸೆ, ಜತೆಗೆ ಫಿಸಿಯೊಥೆರಪಿ. ‘ಗರ್ಭಕೋಶ ತೆಗೆಸಿಬಿಡಿ’ ಎಂದರೆ ಮಾತ್ರ ಇನ್ನೊಬ್ಬ ತಜ್ಞರನ್ನು ಕೇಳದೆ ಒಪ್ಪಬೇಡಿ. ನರಕ್ಕೆ ಅಂಟಿದ್ದು ಅಲ್ಲೇ ಉಳಿದರೆ ನೋವೂ ಉಳಿಯಬಹುದು.

ಮುಟ್ಟಿಗೆ ಸಂಬಂಧಿಸದ ಇನ್ನೊಂದು ಕಾರಣವೂ ಇದೆ. ಹೆರಿಗೆಯ ನಂತರ ಪಾದ ಎತ್ತಲಾಗದಿದ್ದರೆ, ಮಗುವಿನ ತಲೆ ನರವನ್ನು ಒತ್ತಿರಬಹುದು. ಬಹುತೇಕರಿಗೆ ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಆದರೂ ಡಿಸ್ಚಾರ್ಜ್‌ಗೆ ಮುಂಚೆಯೇ ಹೇಳಿ.

ಮೂತ್ರ ಕಟ್ಟಿಕೊಂಡರೆ, ಮಲ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಪಾದ ಒಮ್ಮೆಲೇ ಜೋತುಬಿದ್ದರೆ, ಇಲ್ಲವೇ ಒಂದೇ ಕಾಲು ಬಾತು ಬಿಸಿಯಾದರೆ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ.