ಟ್ಯಾಂಕಿಗೆ ಯಾರೂ ಇಳಿಯೋದು ಬೇಡ

ಅವತ್ತು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ಇನ್ನೂ ಶುರುವಾಗಿರಲಿಲ್ಲ. ಮೂಲೆಮನೆ ಅಕ್ಕ ಸಪ್ಪಗೆ ಕೂತಿದ್ದಳು.

“ಯಾಕಕ್ಕಾ, ಏನಾಯ್ತು?” ಅಂತ ಕೇಳಿದೆವು.

“ನಮ್ಮನೆ ಕಕ್ಕಸಿನ ಟ್ಯಾಂಕು ತುಂಬೈತೆ ಕಣ್ರವ್ವಾ. ನೀರು ಹಾಕಿದ್ರೆ ಒಳಕ್ಕೆ ಹೋಗಲ್ಲ. ಮನೇಲಿ ಬಾಣಂತಿ ಮಗಳವಳೆ. ನಾಳೆ ನಮ್ಮ ಯಜಮಾನ್ರು ಯಾರೋ ಇಬ್ಬರನ್ನ ಕರ್ಕೊಂಡು ಬರ್ತಾರಂತೆ. ಅವರು ಒಳಗೆ ಇಳಿದು ಬಾಚ್ತಾರಂತೆ. ಗಾಡಿ ತರಿಸಿದ್ರೆ ಕಾಸು ಜಾಸ್ತಿ ಅಂತಾರೆ.”

“ಇಳಿಸ್ಬ್ಯಾಡ ಅಕ್ಕಾ, ಜೀವ ಹೋಗ್ತದೆ!” ಅಂದಳು ನಮ್ಮಲ್ಲೊಬ್ಬಳು. ಅವಳ ತವರೂರಿನ ಹತ್ತಿರ ಹೀಗೇ ಆಗಿತ್ತು. ಟ್ಯಾಂಕಿಗೆ ಇಳಿದವನು ಮೇಲೆ ಬರಲಿಲ್ಲ. ಅವನನ್ನು ಎತ್ತಲು ಇಳಿದ ತಮ್ಮನೂ ಬರಲಿಲ್ಲ.

ನಾವೆಲ್ಲ ಸುಮ್ಮನಾದೆವು. ಅವತ್ತು ಈ ವಿಷಯವೇ ನಮಗೆ ಪಾಠವಾಯಿತು.

ಟ್ಯಾಂಕಿನ ಒಳಗೆ ಏನಾಗುತ್ತದೆ?

ಕಕ್ಕಸಿನಿಂದ ಹೋದ ಮಲ ಟ್ಯಾಂಕಿನ ತಳದಲ್ಲಿ ಕೆಸರಾಗಿ ಕೂರುತ್ತದೆ. ಜಿಡ್ಡು ಮೇಲೆ ತೇಲುತ್ತದೆ. ನಡುವಿನ ನೀರು ಕೊಳವೆಯಲ್ಲಿ ಇಂಗುಗುಂಡಿಗೆ ಹೋಗುತ್ತದೆ. ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಈ ಮಲವನ್ನು ಕೊಳೆಸುತ್ತವೆ. ಅದರಿಂದ ಕೆಸರು ಕಡಿಮೆಯಾಗುತ್ತದೆ. ಆದರೂ ವರ್ಷ ವರ್ಷ ಸ್ವಲ್ಪ ಸ್ವಲ್ಪ ಉಳಿಯುತ್ತಾ ಹೋಗುತ್ತದೆ.

ಮಲ ಕೊಳೆಯುವಾಗ ವಿಷದ ಗಾಳಿ ಹುಟ್ಟುತ್ತದೆ. ಒಂದು ಗಾಳಿಗೆ ಕೊಳೆತ ಮೊಟ್ಟೆಯ ವಾಸನೆ. ಅದು ಹೆಚ್ಚಾದರೆ ನಮ್ಮ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಎರಡು ಉಸಿರಿಗೆ ಪ್ರಜ್ಞೆ ತಪ್ಪಬಹುದು. ಇನ್ನೊಂದು ಗಾಳಿ ಬೆಂಕಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದೂ ಇದೇ.

“ಮುಚ್ಚಳ ತೆಗೆದು ಎರಡು ದಿನ ಬಿಟ್ರೆ ಗಾಳಿ ಹೋಗಲ್ವಾ?” ಅಂತ ಅಕ್ಕ ಕೇಳಿದಳು.

ಪೂರ್ತಿ ಹೋಗುವುದಿಲ್ಲ. ಕೆಸರು ಕಲಕಿದ ಕೂಡಲೇ ಮತ್ತೆ ಗಾಳಿ ಏಳುತ್ತದೆ. ಮೂಗಿಗೆ ಬಟ್ಟೆ ಕಟ್ಟಿದರೂ ತಡೆಯುವುದಿಲ್ಲ. ದೀಪ ಇಳಿಸಿ ನೋಡುವುದಂತೂ ಬಹಳ ಅಪಾಯ. ಟ್ಯಾಂಕಿನ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ.

ಕಾನೂನು ಏನು ಹೇಳುತ್ತದೆ?

2013ರಲ್ಲಿ ಒಂದು ಕಾನೂನು ಬಂತು. ರಕ್ಷಣೆಯ ಸಲಕರಣೆ ಇಲ್ಲದೆ ಯಾರನ್ನೂ ಟ್ಯಾಂಕಿಗೆ ಇಳಿಸಿ ಬಾಚಿಸುವಂತಿಲ್ಲ. ಮನೆಯವರು ಇಳಿಸಿದರೂ ತಪ್ಪೇ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು, ಇಲ್ಲವೆ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಇಂಥ ಕೆಲಸದಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆದರೆ ಹೋದ ಜೀವ ದುಡ್ಡಿಗೆ ಬರುತ್ತದೆಯೇ? ಒಂದೇ ಜಾತಿಯ ಬಡವರನ್ನು ಈ ಕೆಲಸಕ್ಕೆ ಕರೆಯುತ್ತಾ ಬಂದಿದ್ದೇವೆ. ಮಲ ಬಾಚಲೆಂದು ಯಾರೂ ಹುಟ್ಟಿಲ್ಲ.

ಹಾಗಾದರೆ ಏನು ಮಾಡಬೇಕು?

ನೀರು ನಿಧಾನವಾಗಿ ಇಳಿದರೆ, ಗುಳುಗುಳು ಸದ್ದು ಬಂದರೆ, ಟ್ಯಾಂಕಿನ ಸುತ್ತ ನೀರು ಜಿನುಗಿದರೆ ತಡ ಮಾಡಬಾರದು. ಗ್ರಾಮ ಪಂಚಾಯ್ತಿಯಲ್ಲಿ ಕೇಳಿ, ಹೀರುವ ಯಂತ್ರದ ಗಾಡಿ ತರಿಸಬೇಕು. ಪೈಪು ಒಳಗೆ ಹೋಗುತ್ತದೆ, ಮನುಷ್ಯ ಹೊರಗೇ ಇರುತ್ತಾನೆ. ಪೂರ್ತಿ ತುಂಬುವವರೆಗೆ ಕಾಯದೆ 2-3 ವರ್ಷಕ್ಕೊಮ್ಮೆ ಖಾಲಿ ಮಾಡಿಸುವುದು ಒಳ್ಳೆಯದು.

ಟ್ಯಾಂಕನ್ನು ಒಳಗೆ ಉಜ್ಜಿ ತೊಳೆಯುವುದು ಬೇಡ. ತಳದಲ್ಲಿ ಸ್ವಲ್ಪ ಕೆಸರು ಉಳಿಯಲಿ. ಅದರಲ್ಲಿರುವ ಜೀವಿಗಳು ಮತ್ತೆ ಕೆಲಸ ಶುರು ಮಾಡುತ್ತವೆ.

ಗಾಡಿಯವರು ಕೆಸರನ್ನು ಎಲ್ಲಿ ಸುರಿಯುತ್ತಾರೆ ಅಂತಲೂ ಕೇಳೋಣ. ಕೆರೆಗೆ, ಹಳ್ಳಕ್ಕೆ ಸುರಿದರೆ ಆ ರೋಗ ನಮ್ಮ ಮನೆಗೇ ಬರುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲಿ ಮಲದ ಕೆಸರನ್ನು ಶುದ್ಧ ಮಾಡುವ ಘಟಕ ಶುರುವಾಯಿತು. ಅಲ್ಲಿ ಕೆಸರನ್ನು ಒಣಗಿಸಿ ಗೊಬ್ಬರ ಮಾಡುತ್ತಾರೆ.

ದಿನವೂ ನಾವು ಮಾಡಬಹುದಾದ್ದು

• ಬಟ್ಟೆ, ಪ್ಯಾಡು, ಪ್ಲಾಸ್ಟಿಕ್, ಕೂದಲು ಕಕ್ಕಸಿಗೆ ಹಾಕಬಾರದು. ಪೈಪು ಕಟ್ಟಿಕೊಳ್ಳುತ್ತದೆ.
• ಗುಂಡಿಯನ್ನು ಬ್ರಷ್ಷಿನಿಂದ ಉಜ್ಜಿ ನೀರು ಹಾಕಿದರೆ ಸಾಕು. ಆಸಿಡ್, ಫಿನಾಯಿಲ್ ಸುರಿದರೆ ಟ್ಯಾಂಕಿನ ಒಳ್ಳೆ ಜೀವಿಗಳು ಸಾಯುತ್ತವೆ.
• ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಯಾವತ್ತೂ ಬೆರೆಸಬಾರದು. ವಿಷದ ಗಾಳಿ ಏಳುತ್ತದೆ.
• ಬಚ್ಚಲ ನೀರು, ಪಾತ್ರೆ ತೊಳೆದ ನೀರು ಟ್ಯಾಂಕಿಗೆ ಬಿಡಬಾರದು. ಬೇಗ ತುಂಬುತ್ತದೆ.
• ಗಾಳಿ ಕೊಳವೆಯ ಬಾಯಿಗೆ ಜಾಲರಿ ಕಟ್ಟಬೇಕು. ಸೊಳ್ಳೆ ಬರುವುದಿಲ್ಲ.
• ಮುಚ್ಚಳ ಗಟ್ಟಿ ಇರಬೇಕು. ಬಿರುಕು ಬಿಟ್ಟರೆ ಕೂಡಲೇ ಸರಿ ಮಾಡಿಸಬೇಕು. ಮಕ್ಕಳು ಅದರ ಮೇಲೆ ಆಡಬಾರದು.

ಯಾರಾದರೂ ಟ್ಯಾಂಕಿಗೆ ಬಿದ್ದರೆ ಎತ್ತಲು ಇಳಿಯಬೇಡಿ. ಕೂಗಿ ಜನ ಸೇರಿಸಿ. 112ಕ್ಕೆ ಫೋನ್ ಮಾಡಿ.

ಅಕ್ಕ ಏನು ಮಾಡಿದಳು?

ಅಕ್ಕ ರಾತ್ರಿ ಮನೆಯಲ್ಲಿ ಮಾತು ತೆಗೆದಳು. ಯಜಮಾನರು ಮೊದಲು ಒಪ್ಪಲಿಲ್ಲ.

“ನಿಮ್ಮ ತಮ್ಮನ್ನ ಇಳಿಸ್ತೀರಾ ಅದರೊಳಕ್ಕೆ?” ಅಂತ ಅಕ್ಕ ಕೇಳಿದಳು.

ಅವರು ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಪಂಚಾಯ್ತಿಗೆ ಹೋದರು. ಪಕ್ಕದ ಮನೆ ಟ್ಯಾಂಕೂ ತುಂಬಿತ್ತು. ಇಬ್ಬರೂ ಸೇರಿ ಗಾಡಿ ತರಿಸಿದರು. ಖರ್ಚೂ ಹಂಚಿಹೋಯಿತು.

ಈಗ ಅಕ್ಕನ ಮನೆಯ ಕಕ್ಕಸಿನ ಗೋಡೆ ಮೇಲೆ ಒಂದು ತಾರೀಖು ಇದೆ. ಟ್ಯಾಂಕು ಖಾಲಿ ಮಾಡಿಸಿದ ದಿನ ಅದು. ಬರೆದವಳು ಅಕ್ಕನೇ.

ಮಾತಾಡೋಣ

1. ನಮ್ಮ ಮನೆಯ ಟ್ಯಾಂಕು ಖಾಲಿ ಮಾಡಿಸಿ ಎಷ್ಟು ವರ್ಷವಾಯಿತು?
2. ನಮ್ಮೂರಿಗೆ ಬರುವ ಗಾಡಿ ಕೆಸರನ್ನು ಎಲ್ಲಿ ಸುರಿಯುತ್ತದೆ?
3. ಟ್ಯಾಂಕಿಗೆ ಬಿದ್ದವರನ್ನು ಎತ್ತಲು ಯಾಕೆ ಇಳಿಯಬಾರದು?

ಓದಿ, ಬರೆಯಿರಿ

ಟ್ಯಾಂಕು – ಕೆಸರು – ಮುಚ್ಚಳ – ಜಾಲರಿ – ಕಾನೂನು – ಪಂಚಾಯ್ತಿ