‘ಆಗೋದಿಲ್ರಿ’ ಅಂದರೆ, ‘ಬರೆದು ಕೊಡ್ರಿ’ ಅನ್ನಿ

ಸಣ್ಣ ಅಂಗಡಿ ಹಾಕಲು ಹೊರಟವರಿಗೆ ಸರ್ಕಾರಿ ಕಚೇರಿಯಲ್ಲಿ ಸಿಗುವ ಮೊದಲ ಉತ್ತರ ಬಹುಮಟ್ಟಿಗೆ ಬಾಯಿಮಾತಿನದೇ. ‘ಆ ಜಾಗಾದಾಗ ಆಗೋದಿಲ್ರಿ’, ‘ಮೊದ್ಲ ಉತಾರ ಸರಿ ಮಾಡಿಸ್ಕೊಂಡು ಬರ್ರಿ’, ‘ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ಸೋಮವಾರ ನೋಡೂಣು’. ಇವುಗಳಲ್ಲಿ ನಿಜವಾದ ಕಾರಣವೂ ಇರಬಹುದು. ಆದರೆ ಬಾಯಿಮಾತಿನ ‘ಇಲ್ಲ’ಕ್ಕೆ ಮೇಲ್ಮನವಿ ಇಲ್ಲ. ಮೇಲಧಿಕಾರಿಯ ಹತ್ತಿರ ಹೋದರೂ, ವಕೀಲರ ಹತ್ತಿರ ಹೋದರೂ ಅವರು ಮೊದಲು ಕೇಳುವುದು ಆದೇಶದ ಪ್ರತಿಯನ್ನು. ಅದು ಕೈಯಲ್ಲಿಲ್ಲದಿದ್ದರೆ ನಿಮ್ಮ ದೂರಿಗೆ ತಳಪಾಯವೇ ಇಲ್ಲ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಕಿರಾಣಿ ಅಂಗಡಿ, ಖಾನಾವಳಿ, ಹಿಟ್ಟಿನ ಗಿರಣಿ, ಗ್ಯಾರೇಜು ಅಥವಾ ಕೈಗಾಡಿ ಇಡುವವರು ಪರವಾನಗಿಗೆ ಎಲ್ಲಿ ಹೋಗಬೇಕು, ಸಿಗದಿದ್ದರೆ ಯಾವ ಬಾಗಿಲು ತಟ್ಟಬೇಕು ಎಂಬುದನ್ನು ಇಲ್ಲಿ ಕೊಟ್ಟಿದೆ.

ಜಾಗ ಯಾರ ಹದ್ದಿನಲ್ಲಿದೆ?

ಅರ್ಜಿ ಬರೆಯುವ ಮೊದಲು ಇದು ಖಚಿತವಾಗಬೇಕು. ಸಿಂದಗಿ ಪಟ್ಟಣದ ಒಳಗಾದರೆ ಪುರಸಭೆ. ಆಲಮೇಲ, ದೇವರ ಹಿಪ್ಪರಗಿಯಂಥ ಊರಾದರೆ ಪಟ್ಟಣ ಪಂಚಾಯಿತಿ. ಈ ಎರಡಕ್ಕೂ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ; ಅರ್ಜಿ ಮುಖ್ಯಾಧಿಕಾರಿಯ ಹೆಸರಿಗೆ ಹೋಗುತ್ತದೆ. ಮೋರಟಗಿಯಲ್ಲೋ ಗೋಲಗೇರಿಯಲ್ಲೋ ಅಂಗಡಿ ಹಾಕುವುದಾದರೆ ಗ್ರಾಮ ಪಂಚಾಯಿತಿ, ಅಲ್ಲಿ ನಡೆಯುವುದು 1993ರ ಪಂಚಾಯತ್ ರಾಜ್ ಕಾಯ್ದೆ. ಪಟ್ಟಣದ ಅಂಚಿನ ಹೊಸ ಬಡಾವಣೆಗಳಲ್ಲಿ ಹದ್ದಿನ ಗೊಂದಲ ಹೆಚ್ಚು. ಮನೆಪಟ್ಟಿ ಯಾರು ವಸೂಲಿ ಮಾಡುತ್ತಾರೋ ಆ ಪಾವತಿ ನೋಡಿದರೆ ಗೊತ್ತಾಗುತ್ತದೆ.

ಜಾಗದ ಕಾಗದವೂ ಇದೇ ಹೊತ್ತಿಗೆ ಕೈಗೆ ಬರಲಿ. ಪಟ್ಟಣದಲ್ಲಿ ಇ-ಆಸ್ತಿ ತಂತ್ರಾಂಶದಿಂದ ತೆಗೆದ ಉತಾರ, ಹಳ್ಳಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11. ಹೊಲದ ಅಂಚಿನಲ್ಲಿ ಶೆಡ್ಡು ಹಾಕುವ ಯೋಚನೆಯಿದ್ದರೆ ಪಹಣಿ ಸಾಕಾಗುವುದಿಲ್ಲ. ಭೂಕಂದಾಯ ಕಾಯ್ದೆಯ ಸೆಕ್ಷನ್ 95ರಂತೆ ಜಿಲ್ಲಾಧಿಕಾರಿಯಿಂದ ಕೃಷಿಯೇತರ ಬಳಕೆಗೆ ಪರಿವರ್ತನೆ ಆಗಬೇಕು. ನಮ್ಮ ಕಡೆ ಇದನ್ನು ಎನ್‌ಎ ಅಥವಾ ಬಿನ್‌ಶೇತ್ಕಿ ಅನ್ನುತ್ತಾರೆ. ಇದಿಲ್ಲದೆ ಹೆದ್ದಾರಿ ಬದಿಗೆ ಧಾಬಾ ಕಟ್ಟಿದರೆ ಅದೇ ಕಾಯ್ದೆಯ ಸೆಕ್ಷನ್ 96 ದಂಡ ಹಾಕುತ್ತದೆ. ಸಿಂದಗಿಯ ಮೇಲೆ ಹಾದುಹೋಗುವ ವಿಜಯಪುರ–ಕಲಬುರಗಿ ರಸ್ತೆ ರಾಷ್ಟ್ರೀಯ ಹೆದ್ದಾರಿ 50. ಆ ರಸ್ತೆಗೆ ನೇರ ದಾರಿ ತೆಗೆಯಲು ಹೆದ್ದಾರಿಯವರ ಅನುಮತಿ ಬೇರೆ ಬೇಕು. ಪುರಸಭೆಯಾಗಲಿ ಪಂಚಾಯಿತಿಯಾಗಲಿ ಅದನ್ನು ಕೊಡಲು ಬರುವುದಿಲ್ಲ.

ಬಾಡಿಗೆ ಮಳಿಗೆಯಾದರೆ ಮಾಲೀಕರ ಒಪ್ಪಿಗೆ ಮತ್ತು ಬಾಡಿಗೆ ಕರಾರು ಬೇಕು. ಮುಂಗಡ ಕೊಡುವ ಮೊದಲೇ ಆ ಕಟ್ಟಡದ ತೆರಿಗೆ ಬಾಕಿ ಇದೆಯೇ, ಕಟ್ಟಡ ಪರವಾನಗಿಯಲ್ಲಿ ವಾಸಕ್ಕೆ ಅಂತ ಇದೆಯೋ ವಾಣಿಜ್ಯಕ್ಕೆ ಅಂತ ಇದೆಯೋ ನೋಡಿ. ಮುಂಗಡ ಕೊಟ್ಟ ಮೇಲೆ ನೋಡಿದರೆ ಹಣ ಮಾಲೀಕರ ಹತ್ತಿರ, ತಲೆನೋವು ನಿಮ್ಮ ಹತ್ತಿರ.

ಅರ್ಜಿ ಮತ್ತು ಪೋಚ್

ಪುರಸಭೆ ಕೊಡುವುದಕ್ಕೆ ಉದ್ದಿಮೆ ಪರವಾನಗಿ ಅನ್ನುತ್ತಾರೆ. ಅರ್ಜಿಯನ್ನು ಪೌರಾಡಳಿತ ನಿರ್ದೇಶನಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಕಬಹುದು. ಕಚೇರಿಯಲ್ಲಿ ಸಾಮಾನ್ಯವಾಗಿ ಆರೋಗ್ಯ ಶಾಖೆ ಇದನ್ನು ನೋಡುತ್ತದೆ, ಆರೋಗ್ಯ ನಿರೀಕ್ಷಕರು ಜಾಗಕ್ಕೆ ಬರುತ್ತಾರೆ. ಗುರುತಿನ ಚೀಟಿ, ಉತಾರ ಅಥವಾ ಬಾಡಿಗೆ ಕರಾರು, ತೆರಿಗೆ ಪಾವತಿ, ಅಂಗಡಿಯ ಫೋಟೊ ಇಷ್ಟು ಮೂಲ ದಾಖಲೆ. ಪರವಾನಗಿ ಆರ್ಥಿಕ ವರ್ಷದ ಲೆಕ್ಕದಲ್ಲಿ ನಡೆಯುವುದರಿಂದ ಫೆಬ್ರುವರಿ, ಮಾರ್ಚ್‌ನಲ್ಲಿ ಹೊಸ ಪರವಾನಗಿ ತೆಗೆಸುವವರು ಶುಲ್ಕ ಯಾವ ವರ್ಷಕ್ಕೆ ಜಮಾ ಆಗುತ್ತದೆ ಎಂದು ಕೇಳಿಕೊಳ್ಳಿ.

ಇದರ ಜೊತೆಗಿನ ಬೇರೆ ನೋಂದಣಿಗಳು ದೊಡ್ಡ ಕೆಲಸವಲ್ಲ. ತಿನ್ನುವ ಪದಾರ್ಥ ಮಾರುವವರು 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು. ಅಂಗಡಿ ತೆರೆದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ. ತಕ್ಕಡಿಗೆ ಮಾಪನ ಇಲಾಖೆಯ ಮುದ್ರೆ. ಉದ್ಯಮ್ ನೋಂದಣಿಗೆ ಬಿಡಿಗಾಸೂ ಇಲ್ಲ, ಆನ್‌ಲೈನ್ ಅಂಗಡಿಯವರು ಅದಕ್ಕೆ ನೂರಾರು ರೂಪಾಯಿ ಸರ್ಕಾರಿ ಶುಲ್ಕ ಅಂತ ಕೇಳಿದರೆ ಕೊಡಬೇಡಿ. ಬೋರ್ಡು ಬರೆಸುವಾಗ 2024ರ ತಿದ್ದುಪಡಿ ನೆನಪಿರಲಿ: ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಪೋಚ್. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ಸಕಾಲ ವ್ಯಾಪ್ತಿಯ ಸೇವೆಯಾದರೆ ಆ ಸ್ವೀಕೃತಿಯಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ, ಸೇವೆ ಕೊಡಬೇಕಾದ ಕೊನೆಯ ದಿನಾಂಕವೂ ಇರುತ್ತದೆ. 2011ರ ಸಕಾಲ ಕಾಯ್ದೆ ರಾಜ್ಯದಾದ್ಯಂತ ಜಾರಿಯಾದದ್ದು 2012ರ ಏಪ್ರಿಲ್ 2ರಂದು. ‘ನೋಡೂಣು’ ಅನ್ನುತ್ತಿದ್ದ ಕಚೇರಿಗೆ ತಾರೀಖಿನ ಹಂಗು ಹಾಕಿದ್ದೇ ಅದರ ಸಾಧನೆ. ಅರ್ಜಿಯನ್ನು ಸಕಾಲದಲ್ಲಿ ನಮೂದಿಸದೆ ಹಾಗೇ ಇಟ್ಟುಕೊಳ್ಳುತ್ತಾರೆ ಅನಿಸಿದರೆ, ಅದೇ ಅರ್ಜಿಯ ಇನ್ನೊಂದು ಪ್ರತಿಯನ್ನು ಅಂಚೆ ಕಚೇರಿಯಿಂದ ಕಳಿಸಿ. ಅದು ತಲುಪಿದ ದಾಖಲೆಯೂ ಒಂದು ಪೋಚೇ.

ವಲಯದ ಪ್ರಶ್ನೆ

‘ಆ ಜಾಗಾದಾಗ ಆಗೋದಿಲ್ಲ’ ಎಂಬ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಇದು. 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯಂತೆ ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಣೆಯಾದ ಊರಿಗೆ ಮಹಾಯೋಜನೆ ಇರುತ್ತದೆ. ಅದರ ನಕ್ಷೆಯಲ್ಲಿ ವಾಸದ ವಲಯಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಬಳಕೆಗೆ ಕೆಂಪು, ಉದ್ಯಾನಕ್ಕೆ ಹಸಿರು ಬಣ್ಣ. ನಿಮ್ಮ ಸರ್ವೆ ನಂಬರು ಯಾವ ಬಣ್ಣದಲ್ಲಿದೆ ಎಂದು ಬಾಯಿಂದ ಕೇಳಿ ಬಂದರೆ ಅದಕ್ಕೆ ಬೆಲೆಯಿಲ್ಲ. ಸಂಬಂಧಪಟ್ಟ ಯೋಜನಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಭೂಬಳಕೆಯ ಬಗ್ಗೆ ಲಿಖಿತ ಉತ್ತರ ತೆಗೆದುಕೊಳ್ಳಿ. ಯಾವುದು ಆ ಪ್ರಾಧಿಕಾರ ಎಂಬುದು ತಿಳಿಯದಿದ್ದರೆ ವಿಜಯಪುರದಲ್ಲಿರುವ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ವಾಸದ ವಲಯ ಎಂದ ಮಾತ್ರಕ್ಕೆ ಅಲ್ಲಿ ವ್ಯಾಪಾರ ಪೂರ್ತಿ ನಿಷಿದ್ಧ ಅಂತಲ್ಲ. ಇದನ್ನು ಬಹಳ ಮಂದಿ ತಪ್ಪು ತಿಳಿದು ಅರ್ಜಿಯನ್ನೇ ಹಾಕದೆ ಬಿಡುತ್ತಾರೆ. ವಲಯ ನಿಯಮಾವಳಿಯಲ್ಲಿ ಪ್ರತಿ ವಲಯಕ್ಕೂ ಎರಡು ಪಟ್ಟಿಗಳಿವೆ. ಒಂದು, ಸಹಜವಾಗಿ ಅನುಮತಿ ಇರುವ ಬಳಕೆಗಳದು. ಇನ್ನೊಂದು, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಅನುಮತಿಸಬಹುದಾದ ಬಳಕೆಗಳದು. ಹೆಣ್ಣುಮಗಳೊಬ್ಬಳು ಮನೆಯ ಮುಂದಿನ ಕೋಣೆಯಲ್ಲಿ ಜೋಳ ಬೀಸುವ ಗಿರಣಿ ಇಡಬೇಕು ಅಂದುಕೊಳ್ಳೋಣ. ಅವಳು ಕೇಳಬೇಕಾದದ್ದು ‘ವಾಸದ ಜಾಗದಾಗ ಗಿರಣಿ ಆಗತೈತೇನ್ರಿ’ ಎಂದಲ್ಲ. ‘ನಿಯಮಾವಳಿಯ ಯಾವ ಪಟ್ಟಿಯಲ್ಲಿ ಹಿಟ್ಟಿನ ಗಿರಣಿ ಇದೆ, ಮೋಟರಿನ ಅಶ್ವಶಕ್ತಿಗೆ ಮಿತಿ ಎಷ್ಟು’ ಎಂದು ಬರವಣಿಗೆಯಲ್ಲಿ ಕೇಳಬೇಕು. ಅಶ್ವಶಕ್ತಿ ಮಿತಿಯೊಳಗಿದ್ದರೆ ಮೋಟರು ಕೊಂಡ ರಸೀದಿ, ಹೆಸ್ಕಾಂ ಮಂಜೂರಾತಿ ಪತ್ರ ಎರಡನ್ನೂ ಅರ್ಜಿಗೆ ಲಗತ್ತಿಸಿದರೆ ತಕರಾರಿಗೆ ಜಾಗ ಕಡಿಮೆ.

ಎರಡೂ ಪಟ್ಟಿಯಲ್ಲಿ ಇಲ್ಲದ ಬಳಕೆಯಾದರೆ ಉಳಿಯುವುದು ಭೂಬಳಕೆ ಬದಲಾವಣೆ, ಅಂದರೆ ಅದೇ ಕಾಯ್ದೆಯ ಸೆಕ್ಷನ್ 14-ಎ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಹೊಂದಬೇಕು, ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು ಎಂದು ಆ ಸೆಕ್ಷನ್ ಹೇಳುತ್ತದೆ. ಶುಲ್ಕವೂ ಇದೆ. ಸಣ್ಣ ಅಂಗಡಿಯವರಿಗೆ ಈ ದಾರಿ ದುಬಾರಿ ಮತ್ತು ನಿಧಾನ. ನಾಲ್ಕು ಹೆಜ್ಜೆ ಆಚೆ ವಾಣಿಜ್ಯ ವಲಯದಲ್ಲಿ ಬಾಡಿಗೆ ಮಳಿಗೆ ಸಿಗುವುದಾದರೆ ಅಲ್ಲಿಗೆ ಹೋಗುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಆದರೆ ನೆರೆಯವರಿಗೆ ಈ ಪ್ರಕಟಣೆ ಬಹಳ ಬೆಲೆಯುಳ್ಳದ್ದು. ನಿಮ್ಮ ಓಣಿಯಲ್ಲಿ ಗೋದಾಮೋ ವೆಲ್ಡಿಂಗ್ ಶೆಡ್ಡೋ ಬರಲಿದೆ ಎಂಬುದು ಪತ್ರಿಕೆಯ ಆ ಸಣ್ಣಕ್ಷರದ ಜಾಹೀರಾತಿನಲ್ಲೇ ಮೊದಲು ಗೊತ್ತಾಗುವುದು. ಅದರಲ್ಲಿ ಹೇಳಿದ ಗಡುವಿನೊಳಗೆ ಲಿಖಿತ ಆಕ್ಷೇಪಣೆ ಕೊಟ್ಟವರ ಮಾತನ್ನು ಪ್ರಾಧಿಕಾರ ಪರಿಗಣಿಸಲೇಬೇಕು.

ಕೈಗಾಡಿಯವರಿಗೆ ಬೇರೆ ಕಾನೂನು

ಬಸ್‌ನಿಲ್ದಾಣದ ಹತ್ತಿರ ಬಾಳೆಹಣ್ಣು, ಮಿರ್ಚಿ ಭಜಿ, ಬಳೆ ಮಾರುವವರಿಗೆ ಮೇಲೆ ಹೇಳಿದ ಉದ್ದಿಮೆ ಪರವಾನಗಿಯ ದಾರಿಯಲ್ಲ. ಅವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕೇಂದ್ರ ಕಾಯ್ದೆ ಇದೆ. ಬೀದಿ ವ್ಯಾಪಾರವೂ ಸಂವಿಧಾನದ 19(1)(ಜಿ) ವಿಧಿಯ ವೃತ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ, ಆದರೆ ಅದಕ್ಕೆ ನಿಯಂತ್ರಣ ಉಂಟು ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲೇ ಹೇಳಿತ್ತು.

ಈ ಕಾಯ್ದೆಯಂತೆ ಪ್ರತಿ ಪಟ್ಟಣದಲ್ಲೂ ಪಟ್ಟಣ ಮಾರಾಟ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದವರು ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ಮಾರಾಟ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಆಮೇಲೂ, ಸ್ಥಳಾಂತರಕ್ಕೆ 30 ದಿನದ ನೋಟಿಸ್ ಬೇಕು. ಗಾಡಿಯ ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದು ಕೊಡಬೇಕು. ದಂಡ ಕಟ್ಟಿ ಕೇಳಿದರೆ ಕೆಡುವ ಮಾಲನ್ನು ಅದೇ ದಿನ, ಕೆಡದ ಮಾಲನ್ನು ಎರಡು ಕೆಲಸದ ದಿನದೊಳಗೆ ವಾಪಸು ಕೊಡಬೇಕು. ಟೊಮೆಟೊ ಹಣ್ಣಿನ ವ್ಯಾಪಾರಿಗೆ ಈ ಒಂದು ಸಾಲು ಗೊತ್ತಿದ್ದರೂ ಒಂದು ದಿನದ ಬಂಡವಾಳ ಉಳಿಯುತ್ತದೆ.

ಆದ್ದರಿಂದ ಪುರಸಭೆಗೆ ಹೋಗಿ ಸಮೀಕ್ಷೆಯ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಸೇರಿಸಲು ಅರ್ಜಿ ಕೊಡಿ. ದಿನದ ಜಕಾತಿ ಚೀಟಿಗಳನ್ನು ಎಸೆಯಬೇಡಿ. ಇಂಥ ಜಾಗದಲ್ಲಿ ಇಷ್ಟು ವರ್ಷದಿಂದ ವ್ಯಾಪಾರ ಮಾಡುತ್ತಿದ್ದೇನೆ ಎನ್ನುವುದಕ್ಕೆ ಅವೇ ನಿಮ್ಮ ಸಾಕ್ಷಿ. ಪ್ರಮಾಣಪತ್ರ ಕೊಡದಿದ್ದರೆ ಅಥವಾ ರದ್ದು ಮಾಡಿದರೆ ಸೆಕ್ಷನ್ 11ರಂತೆ ಸ್ಥಳೀಯ ಸಂಸ್ಥೆಗೆ ಮೇಲ್ಮನವಿ ಹಾಕಬಹುದು. ನಿಮ್ಮ ಅಹವಾಲು ಕೇಳದೆ ರದ್ದು ಮಾಡಲು ಬರುವುದಿಲ್ಲ.

ಅರ್ಜಿ ತಿರಸ್ಕಾರವಾದಾಗ

ಗಡುವು ದಾಟಿದರೂ ಉತ್ತರ ಬರದಿದ್ದರೆ, ಅಥವಾ ಅರ್ಜಿ ತಿರಸ್ಕಾರವಾದರೆ, ಸಕಾಲದಡಿ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹೋಗಬೇಕು. ಆ ಅಧಿಕಾರಿ ಯಾರು ಎಂಬುದು ಕಚೇರಿಯ ಸಕಾಲ ಫಲಕದಲ್ಲಿ ಬರೆದಿರುತ್ತದೆ. ಸಹಾಯವಾಣಿ 080-44554455ಕ್ಕೆ ಜಿಎಸ್‌ಸಿ ಸಂಖ್ಯೆ ಹೇಳಿದರೂ ತಿಳಿಸುತ್ತಾರೆ. ತಡವಾದ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಚಿಕ್ಕದು, ಆದರೆ ಅದು ತಪ್ಪಿತಸ್ಥ ನೌಕರರಿಂದ ವಸೂಲಾಗುವ ಹಣ. ಹಾಗಾಗಿ ಕೇಳಲು ಸಂಕೋಚಪಡಬೇಡಿ.

ತಿರಸ್ಕರಿಸಿದರೆ ಕಾರಣವನ್ನು ಬರೆದು ತಿಳಿಸಬೇಕೆಂದು ಸಕಾಲ ಕಾಯ್ದೆಯೇ ಹೇಳುತ್ತದೆ. ಬರೆದು ಕೊಡಲು ಒಪ್ಪದಿದ್ದರೆ ಜಗಳಕ್ಕೆ ನಿಲ್ಲಬೇಡಿ. ಅಲ್ಲೇ ಕುಳಿತು ಒಂದು ಹಾಳೆಯಲ್ಲಿ ಹೀಗೆ ಬರೆದು ಆವಕ ಶಾಖೆಗೆ ಕೊಟ್ಟು ಪೋಚ್ ತೆಗೆದುಕೊಳ್ಳಿ:

‘ಮಾನ್ಯರೇ, ನಾನು ದಿನಾಂಕ __ರಂದು ಸಲ್ಲಿಸಿದ ಅರ್ಜಿ ಸಂಖ್ಯೆ __ ಅನ್ನು ಮಂಜೂರು ಮಾಡಲಾಗದು ಎಂದು ದಿನಾಂಕ __ರಂದು ತಮ್ಮ ಕಚೇರಿಯಲ್ಲಿ ಮೌಖಿಕವಾಗಿ ತಿಳಿಸಲಾಯಿತು. ಯಾವ ನಿಯಮದ ಪ್ರಕಾರ, ಯಾವ ಕಾರಣಕ್ಕೆ ಎಂಬುದನ್ನು ಲಿಖಿತ ಹಿಂಬರಹದ ಮೂಲಕ ತಿಳಿಸಬೇಕು. ಕೊರತೆಯಿರುವ ದಾಖಲೆ ಇದ್ದಲ್ಲಿ ಅದನ್ನು ಒದಗಿಸಲು ಸಿದ್ಧನಿದ್ದೇನೆ.’

ಕೊನೆಯ ವಾಕ್ಯ ಬಿಡಬೇಡಿ. ನಿಜವಾಗಿ ಕಾಗದವೇ ಕಡಿಮೆಯಿದ್ದರೆ ಕೆಲಸ ಅಲ್ಲಿಗೇ ಬಗೆಹರಿಯುತ್ತದೆ, ಮೇಲ್ಮನವಿಯ ತನಕ ಹೋಗಬೇಕಾಗಿಲ್ಲ.

ಗ್ರಾಮ ಪಂಚಾಯಿತಿಯ ಆದೇಶವಾದರೆ ದಾರಿ ಬೇರೆ. ಪಂಚಾಯತ್ ರಾಜ್ ಕಾಯ್ದೆಯ ಸೆಕ್ಷನ್ 269ರಂತೆ 30 ದಿನದೊಳಗೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮೇಲ್ಮನವಿ. ಮೇಲ್ಮನವಿಯಲ್ಲಿ ‘ಅನ್ಯಾಯವಾಗಿದೆ’ ಎಂದು ಎರಡು ಪುಟ ಬರೆಯುವುದಕ್ಕಿಂತ ಮೂರು ಸಂಗತಿ ಬರೆಯಿರಿ: ಆದೇಶ ಕೈಗೆ ಸಿಕ್ಕ ದಿನ, ಅದರಲ್ಲಿ ಕೊಟ್ಟ ಕಾರಣ, ಆ ಕಾರಣ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ದಾಖಲೆ. ಆದೇಶದ ಜಾರಿಗೆ ತಡೆ ಬೇಕಿದ್ದರೆ ಅದನ್ನು ಪ್ರತ್ಯೇಕವಾಗಿ ಕೇಳಬೇಕು. ಮೇಲ್ಮನವಿ ಹಾಕಿದ ಮಾತ್ರಕ್ಕೆ ಅಂಗಡಿಗೆ ಬೀಗ ಬೀಳುವುದು ತಾನಾಗಿಯೇ ನಿಲ್ಲುವುದಿಲ್ಲ.

ಸಾಮಾನ್ಯ ಸಭೆಯ ಠರಾವಿನ ಹೆಸರು ಹೇಳಿ ನಿರಾಕರಿಸಿದರೆ ಆ ಠರಾವಿನ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಇದೆ: 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ನಿಮ್ಮ ಅರ್ಜಿ ಹಾಕಿದ ಮೇಲೆ ಅದೇ ಓಣಿಯಲ್ಲಿ ಅದೇ ವ್ಯಾಪಾರಕ್ಕೆ ಬೇರೆಯವರಿಗೆ ಪರವಾನಗಿ ಸಿಕ್ಕಿದೆಯೇ ಎಂದು ಕೇಳುವ ಮಾಹಿತಿ ಅರ್ಜಿ ಬಹಳ ಉಪಯೋಗಕ್ಕೆ ಬರುತ್ತದೆ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಎಂದದ್ದಕ್ಕೆ ಕಚೇರಿ ಕಾರಣ ಹೇಳಲೇಬೇಕಾಗುತ್ತದೆ.

ಇಷ್ಟರಿಂದಲೂ ಆಗದಿದ್ದರೆ ಉಳಿಯುವುದು ಹೈಕೋರ್ಟ್. ವಿಜಯಪುರ ಜಿಲ್ಲೆ ಬರುವುದು ಕಲಬುರಗಿ ಪೀಠದ ವ್ಯಾಪ್ತಿಗೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾದ ಅದು 2013ರಲ್ಲಿ ಕಾಯಂ ಆಯಿತು. ಸಿಂದಗಿಯವರಿಗೆ ಆ ಊರು ಬೆಂಗಳೂರಿನಷ್ಟು ದೂರವಲ್ಲ. ಆದರೆ ಕಾಯ್ದೆಯಲ್ಲಿ ಮೇಲ್ಮನವಿಯ ಅವಕಾಶವಿದ್ದೂ ಬಳಸದೆ ನೇರವಾಗಿ ರಿಟ್ ಹಾಕಿದರೆ ಸಾಮಾನ್ಯವಾಗಿ ಅಲ್ಲಿಗೇ ಹೋಗಿ ಎಂದು ವಾಪಸು ಕಳಿಸುತ್ತಾರೆ. ವಕೀಲರ ಫೀ ಕೈಗೆಟುಕದಿದ್ದರೆ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಹೋಗುವಾಗ ಅರ್ಜಿಯ ಪೋಚ್, ಹಿಂಬರಹ, ಶುಲ್ಕದ ರಸೀದಿ, ಅಂಗಡಿಯ ಫೋಟೊ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ, ಮೂಲ ಪ್ರತಿ ಯಾರ ಕೈಗೂ ಬಿಟ್ಟುಕೊಡದೆ ಝೆರಾಕ್ಸ್ ಮಾತ್ರ ಕೊಡಿ.