ಮೀನೆಣ್ಣೆಯ ನಿವ್ವಳ ತೂಕ

ಹನ್ನೆರಡು ಬಾಟಲಿ ಮೀನೆಣ್ಣೆ ಕ್ಯಾಪ್ಸೂಲಿಗೆ ಬಿಳಿಗೆರೆಯ ನಮ್ಮ ಭಾವ ಕೊಟ್ಟಿದ್ದು 15,000 ರೂಪಾಯಿ. ಬಾಟಲಿಗೆ 60 ಕ್ಯಾಪ್ಸೂಲ್, ದಿನಕ್ಕೆ ಎರಡರಂತೆ ವರ್ಷದ ದಾಸ್ತಾನು. ಎಂಆರ್‌ಪಿ 1,500ರ ಲೆಕ್ಕದಲ್ಲಿ 18,000 ಆಗಬೇಕಿತ್ತು, ಪರಿಚಯದವರು ಅಂತ ಮೂರು ಸಾವಿರ ಬಿಟ್ಟರಂತೆ. ಅಕ್ಕ ಫೋನು ಮಾಡಿ ಇದನ್ನು ಹೇಳುವಾಗ ಹಿಂದಿನಿಂದ ಭಾವನ ದನಿಯೂ ಕೇಳುತ್ತಿತ್ತು: 'ಮೂರು ಸಾವಿರ ಉಳೀತು ಅಂತ ಹೇಳು ಅವನಿಗೆ.'

2025 ನಮ್ಮ ಕಡೆ ಇಂಥ ಖರೀದಿಗಳ ವರ್ಷ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಇದ್ದರೂ ತಿಪಟೂರು ಎಪಿಎಂಸಿ ಹರಾಜಿನಲ್ಲಿ ಅದರ ಹತ್ತಿರಕ್ಕೂ ದರ ಬರುತ್ತಿರಲಿಲ್ಲ. ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್‌ನ ನೋಂದಣಿಗೆ ಜನ ರಾತ್ರಿಯೆಲ್ಲ ಸಾಲಿನಲ್ಲಿ ಕೂತಿದ್ದರು. ಅದೇ ಕೊಬ್ಬರಿ 2025ರಲ್ಲಿ 25 ಸಾವಿರ ದಾಟಿತು. ಅಟ್ಟದಲ್ಲಿ ಕಾಯಿ ಉಳಿಸಿಕೊಂಡವನ ಕೈಯಲ್ಲಿ ದುಡ್ಡು ಆಡಿತು. ಆ ದುಡ್ಡಿನ ವಾಸನೆ ಬೈಕಿನವರಿಗೆ, ವಿಮೆಯವರಿಗೆ, ನೀರಿನ ಫಿಲ್ಟರಿನವರಿಗೆ, ಕಡೆಗೆ ಮೀನೆಣ್ಣೆಯವರಿಗೂ ಹತ್ತಿತು. ಊರಿನಲ್ಲೊಂದು ಉಚಿತ ತಪಾಸಣೆ ಶಿಬಿರ ನಡೆಯಿತು, ಭಾವನ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು, 240 ಬಂತು, ಪಕ್ಕದ ಮೇಜಿನಲ್ಲೇ ಬಾಟಲಿಗಳಿದ್ದವು.

ಇನ್ನು ಲೆಕ್ಕಕ್ಕೆ ಬರುತ್ತೇನೆ. ಬಾಟಲಿಯ ಮುಂದೆ ದಪ್ಪಕ್ಷರದಲ್ಲಿ '1000 ಮಿಗ್ರಾಂ' ಎಂದಿದೆ. ಅದು ಒಂದು ಕ್ಯಾಪ್ಸೂಲಿನ ಎಣ್ಣೆಯ ತೂಕ. ಹಿಂದಿನ ಸಣ್ಣಕ್ಷರದಲ್ಲಿ ಇಪಿಎ 180, ಡಿಎಚ್‌ಎ 120. ನಾವು ದುಡ್ಡು ಕೊಡುವುದು ಈ ಎರಡು ಒಮೆಗಾ-3 ಕೊಬ್ಬುಗಳಿಗೆ, ಎರಡೂ ಸೇರಿ 300. ಉಳಿದ 700 ಬೇರೆ ಕೊಬ್ಬು. ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿಯ ಗೋಣಿಚೀಲದ ತೂಕ ಕಳೆಯದೆ ಬಿಲ್ ಬರೆಯಲು ಯಾವ ರವಾನೆದಾರನೂ ಬಿಡುವುದಿಲ್ಲ. ಅದೇ ಯಾರ್ಡಿಗೆ ಮಾಲು ಹಾಕುವ ಭಾವ ಇಲ್ಲಿ ಚೀಲದ ತೂಕಕ್ಕೇ ದುಡ್ಡು ಎಣಿಸಿದ್ದರು.

720 ಕ್ಯಾಪ್ಸೂಲ್, ತಲಾ 300 ಮಿಗ್ರಾಂ. ಒಟ್ಟು 216 ಗ್ರಾಂ. 15,000ವನ್ನು 216ರಿಂದ ಭಾಗಿಸಿದರೆ ಗ್ರಾಂಗೆ 69 ರೂಪಾಯಿ ಚಿಲ್ಲರೆ. ತಿಪಟೂರಿನ ಮೆಡಿಕಲ್ ಸ್ಟೋರಿನಲ್ಲಿ ಇದೇ 180/120ರ ಸಾದಾ ಕ್ಯಾಪ್ಸೂಲ್ 60ರ ಡಬ್ಬಿ 450ಕ್ಕೆ ಸಿಕ್ಕಿತು. ಅದರಲ್ಲಿ 18 ಗ್ರಾಂ, ಅಂದರೆ ಗ್ರಾಂಗೆ 25. ಒಂದಕ್ಕೆ 900 ಮಿಗ್ರಾಂ ಕೊಡುವ ಸಾಂದ್ರೀಕೃತ ಕ್ಯಾಪ್ಸೂಲ್ 60ಕ್ಕೆ 1,200 ಹೇಳಿದರು. ಡಬ್ಬಿಯ ಬೆಲೆ ನೋಡಿದರೆ ದುಬಾರಿ. ಆದರೆ ಅದರಲ್ಲಿರುವುದು 54 ಗ್ರಾಂ, ಗ್ರಾಂಗೆ 22 ರೂಪಾಯಿ. ಭಾವ ಕೊಂಡಿದ್ದು ಇದರ ಮೂರು ಪಟ್ಟು. ಕೊಬ್ಬರಿಯಲ್ಲಿ ಹೇಳಬೇಕೆಂದರೆ, 25 ಸಾವಿರದ ದರದಲ್ಲಿ 60 ಕೆಜಿ. ಅದೇ 2023ರ ಬೆಂಬಲ ಬೆಲೆಯಲ್ಲಾದರೆ 127 ಕೆಜಿ ಮೀರುತ್ತಿತ್ತು.

'ದುಬಾರಿಯೇ ಇರಲಿ ಬಿಡಯ್ಯ, ಆರೋಗ್ಯಕ್ಕೆ ತಾನೆ' ಎಂದರು ಭಾವ. ಸರಿ, ಆರೋಗ್ಯದ್ದನ್ನೇ ನೋಡೋಣ ಎಂದೆ. ಮೀನೆಣ್ಣೆ ಟ್ರೈಗ್ಲಿಸರೈಡ್ ಇಳಿಸುತ್ತದೆ, ಸುಳ್ಳಲ್ಲ. ದಿನಕ್ಕೆ 4 ಗ್ರಾಂ ಇಪಿಎ-ಡಿಎಚ್‌ಎ, ವೈದ್ಯರ ಚೀಟಿಯ ಮೇಲೆ, ತೆಗೆದುಕೊಂಡರೆ ಶೇ 20ರಿಂದ 30ರಷ್ಟು ಇಳಿಯುತ್ತದೆ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2019ರಲ್ಲಿ ಹೇಳಿದೆ. ಭಾವನ ಬಾಟಲಿಯಿಂದ 4 ಗ್ರಾಂ ಬೇಕಾದರೆ ದಿನಕ್ಕೆ 14 ಕ್ಯಾಪ್ಸೂಲ್ ನುಂಗಬೇಕು. ಕ್ಯಾಪ್ಸೂಲಿಗೆ 20 ರೂಪಾಯಿ 83 ಪೈಸೆ ಬಿದ್ದಿದೆ, ದಿನಕ್ಕೆ 292, ತಿಂಗಳಿಗೆ 8,750. ವರ್ಷದ ದಾಸ್ತಾನು ಎರಡು ತಿಂಗಳೂ ತಡೆಯುವುದಿಲ್ಲ.

ಹಾಗಾದರೆ ದಿನಕ್ಕೆರಡು ನುಂಗಿದರೆ? 600 ಮಿಗ್ರಾಂ. 2018ರಲ್ಲಿ ಫಲಿತಾಂಶ ಹೊರಬಿದ್ದ ವೈಟಲ್ ಅಧ್ಯಯನದಲ್ಲಿ 25,871 ಅಮೆರಿಕನ್ನರು ಭಾಗವಹಿಸಿದ್ದರು. ಮೀನೆಣ್ಣೆಯ ಗುಂಪಿನವರು ದಿನಕ್ಕೆ 840 ಮಿಗ್ರಾಂ ತೆಗೆದುಕೊಂಡರು, ಸುಮಾರು ಐದು ವರ್ಷ. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು, ಮೂರನ್ನೂ ಒಟ್ಟು ಸೇರಿಸಿ ನೋಡಿದರೆ ಗಣನೀಯ ಇಳಿಕೆ ಕಾಣಲಿಲ್ಲ. ಅದೇ ವರ್ಷ ಬ್ರಿಟನ್ನಿನ 15,480 ಮಧುಮೇಹಿಗಳ ಅಸೆಂಡ್ ಅಧ್ಯಯನದ ಉತ್ತರವೂ ಇದೇ. ಶೇ 25ರಷ್ಟು ಲಾಭ ತೋರಿದ ರೆಡ್ಯೂಸ್-ಇಟ್ ಅಧ್ಯಯನದಲ್ಲಿ ಕೊಟ್ಟಿದ್ದು ಶುದ್ಧೀಕರಿಸಿದ ಇಪಿಎ ಔಷಧ, ದಿನಕ್ಕೆ 4 ಗ್ರಾಂ, ಅದೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುತ್ತಿದ್ದವರಿಗೆ. ಇಪಿಎ-ಡಿಎಚ್‌ಎ ಎರಡೂ ಇದ್ದ 4 ಗ್ರಾಂ ಕೊಟ್ಟ ಸ್ಟ್ರೆಂತ್ ಅಧ್ಯಯನ 2020ರಲ್ಲಿ ಲಾಭ ಕಾಣದೆ ನಿಂತುಹೋಯಿತು. ಈ ದೊಡ್ಡ ಡೋಸಿನವರಲ್ಲಿ ಎದೆಬಡಿತದ ತಾಳ ತಪ್ಪುವ ತೊಂದರೆ ಹೆಚ್ಚಾಗಿ ಕಂಡಿದ್ದೂ ದಾಖಲಾಗಿದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಂತೂ ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬಾರದು.

ಬಾಟಲಿಯೇನೋ ಚಂದವಾಗಿತ್ತು. ನಾರ್ವೆ ಸಮುದ್ರದ ಚಿತ್ರ, ಚಿನ್ನದ ಬಣ್ಣದ ಮುಚ್ಚಳ, ಹೃದಯ, ಮಿದುಳು, ಮೊಣಕಾಲು, ಕಣ್ಣು ಎಲ್ಲಕ್ಕೂ ಒಂದೊಂದು ಗುರುತು. ಅದರ ಕೆಳಗೇ, ಕಾನೂನು ಬರೆಸಿದ ಒಂದು ಸಾಲು: ಔಷಧವಾಗಿ ಬಳಸುವಂತಿಲ್ಲ. ಎಫ್‌ಎಸ್‌ಎಸ್‌ಎಐ ಲೈಸೆನ್ಸಿನಡಿ ಆಹಾರವೆಂದು ತಯಾರಾದ ಪದಾರ್ಥವನ್ನು ರಕ್ತಪರೀಕ್ಷೆಯ ವರದಿ ಹಿಡಿದು ಮದ್ದೆಂದು ಮಾರುವ ಈ ವ್ಯಾಪಾರ ನನಗೆ ಸಹಿಸಲಾಗುವುದಿಲ್ಲ. ಆಹಾರವಾದರೆ ಆಹಾರದ ಬೆಲೆಗೆ ಕೊಡಿ. ಮದ್ದಾದರೆ ಮದ್ದಿನ ಚೀಟಿ ಕೇಳಿ. ಎರಡರ ನಡುವೆ ನಿಂತು ಎರಡರ ಲಾಭವನ್ನೂ ಬಾಚುವುದು ಬೇಡ.

ಅಕ್ಕನ ತಕರಾರು ಬೇರೆ. ಮೊಟ್ಟೆಯೂ ಬೇಯದ ಮನೆ ಅದು. ಬಾಟಲಿಯ ಮೇಲಿನ ಕಂದು ತ್ರಿಕೋನವನ್ನು, ಮಾಂಸಾಹಾರದ ಗುರುತನ್ನು, ಮೊದಲು ನೋಡಿದ್ದು ಅವಳೇ. 'ಮದ್ದು ಅಂತ ನುಂಗೋದಾದ್ರೆ ನುಂಗಲಿ, ನನ್ನ ಅಡುಗೆಮನೆ ಕಪಾಟಿನಲ್ಲಿ ಮಾತ್ರ ಇಡಕೂಡದು.' ಹಾಗಾಗಿ ಬಾಟಲಿಗಳು ಪಂಪ್‌ಸೆಟ್ ಸಾಮಾನಿನ ಜತೆ ಪಡಸಾಲೆಯಲ್ಲಿ ಕೂತವು, ಬಿಸಿಲು ಬೀಳುವ ಕಿಟಕಿಯ ಕೆಳಗೆ. ಮೀನೆಣ್ಣೆಗೆ ಬಿಸಿಲು, ಗಾಳಿ ಆಗುವುದಿಲ್ಲ, ಕಮಟುತ್ತದೆ. ವರ್ಷದ್ದನ್ನು ಒಟ್ಟಿಗೆ ಕೊಳ್ಳಬಾರದು ಎನ್ನಲು ಇದೊಂದೇ ಕಾರಣ ಸಾಕು.

ಸಸ್ಯಾಹಾರಿಗಳಿಗೆ ಪಾಚಿಯ ಎಣ್ಣೆ ಇದೆ. ಮೀನಿಗೂ ಈ ಕೊಬ್ಬು ಬರುವುದು ಕಡಲಪಾಚಿಯಿಂದಲೇ. ಆದರೆ ನಾನು ವಿಚಾರಿಸಿದ ಕಡೆಯೆಲ್ಲ ಗ್ರಾಂ ಲೆಕ್ಕದಲ್ಲಿ ಮೀನಿನದಕ್ಕಿಂತ ದುಬಾರಿಯಾಗಿತ್ತು. ಅಗಸೆ ಅಗ್ಗ, ಚಟ್ನಿಪುಡಿಗೂ ಒದಗುತ್ತದೆ. ಅದರಲ್ಲಿರುವುದು ಬೇರೆ ಬಗೆಯ ಒಮೆಗಾ-3, ಮೈಯಲ್ಲಿ ಅದು ಇಪಿಎ ಆಗುವುದು ಅತ್ಯಲ್ಪ. ನಮ್ಮ ಹುಚ್ಚೆಳ್ಳಿನಲ್ಲಿ ಹೆಚ್ಚಾಗಿರುವುದು ಒಮೆಗಾ-6. ತೆಂಗಿನೆಣ್ಣೆಯಲ್ಲಂತೂ ಒಮೆಗಾ-3 ಇಲ್ಲವೆಂದೇ ಹೇಳಬೇಕು. ಮೀನು ತಿನ್ನುವವರಿಗೆ ಕರಾವಳಿಯ ಬೂತಾಯಿ 100 ಗ್ರಾಂ ತಿಂದರೆ ಸುಮಾರು ಒಂದು ಗ್ರಾಂ ಇಪಿಎ-ಡಿಎಚ್‌ಎ ಸಿಗುತ್ತದೆ. ಕೆರೆಯ ಕಾಟ್ಲಾ, ರೋಹುವಿನಿಂದ ಅಷ್ಟು ನಿರೀಕ್ಷಿಸಬೇಡಿ.

ಮೀನೆಣ್ಣೆಗಿಂತ ದೊಡ್ಡ ಖರ್ಚು ನನಗೆ ಕಾಣುವುದು ನಮ್ಮ ಅಭ್ಯಾಸದಲ್ಲಿ. ದರ ಏರಿದ ವರ್ಷ ನಾವು ಹುಡುಕಿಕೊಂಡು ಹೋಗಿ ತಿಂಗಳ ಖರ್ಚುಗಳನ್ನು ಹಚ್ಚಿಕೊಳ್ಳುತ್ತೇವೆ: ಕಂತು, ಚಂದಾ, ಟಾನಿಕ್ಕು. ದರ ಇಳಿದ ವರ್ಷವೂ ಅವು ಹಾಗೇ ಇರುತ್ತವೆ. ಮೈಯ ಲೆಕ್ಕವೂ ಹೆಚ್ಚಾಗಿ ಅಭ್ಯಾಸದ್ದೇ: ಟ್ರೈಗ್ಲಿಸರೈಡ್ ಏರಿಸುವುದು ಸಕ್ಕರೆ, ಮದ್ಯ, ಹಿಡಿತಕ್ಕೆ ಬಾರದ ಮಧುಮೇಹ, ಕೂತಲ್ಲೇ ಕೂರುವುದು. ಗದ್ದೆತೋಟಕ್ಕೂ ಬೈಕಿನಲ್ಲೇ ಹೋಗಿ, ದಿನಕ್ಕೆ ನಾಲ್ಕು ಸಲ ಸಕ್ಕರೆ ಮುಂದಾದ ಕಾಫಿ ಕುಡಿದು, ಸಂಜೆ ಬೋಂಡದ ಜತೆ ಕ್ಯಾಪ್ಸೂಲ್ ನುಂಗುವವರಿಗೆ ಯಾವ ಅಂಕಣ ಬರೆದು ಏನು? ಇದನ್ನು ಭಾವನ ಎದುರು ಹೇಳಿದೆ. ಅವರು ಕಾಫಿಗೆ ಇನ್ನೊಂದು ಚಮಚ ಹಾಕಿಕೊಂಡರು.

ಭಾವ ಆಮೇಲೆ ತೋರಿಸಿಕೊಂಡ ತಿಪಟೂರಿನ ಡಾಕ್ಟರು ಶಿಬಿರದ ವರದಿ ನೋಡಿ ಕೇಳಿದ ಮೊದಲ ಪ್ರಶ್ನೆ: ರಕ್ತ ಕೊಡುವ ಮುಂಚೆ ಏನು ತಿಂದಿದ್ದಿರಿ? ಶಿಬಿರದಲ್ಲಿ ಎಲ್ಲರಿಗೂ ಉಪ್ಪಿಟ್ಟು-ಕೇಸರಿಬಾತು ಕೊಟ್ಟೇ ಸೂಜಿ ಚುಚ್ಚಿದ್ದರು. ಊಟವಾದ ಮೇಲೆ ಟ್ರೈಗ್ಲಿಸರೈಡ್ ಏರುವುದು ಸಹಜ. ಖಾಲಿ ಹೊಟ್ಟೆಯಲ್ಲಿ ಮತ್ತೆ ಮಾಡಿಸಿದ ಪರೀಕ್ಷೆಗೆ ಲ್ಯಾಬು 400 ರೂಪಾಯಿ ತೆಗೆದುಕೊಂಡಿತು, ಟ್ರೈಗ್ಲಿಸರೈಡ್ ಬಂದಿದ್ದು 168. 'ಸಿಹಿ ಬಿಡಿ, ನಡೀರಿ, ಮೂರು ತಿಂಗಳ ಮೇಲೆ ಬನ್ನಿ' ಎಂದರು. ಮೀನೆಣ್ಣೆಯ ಮಾತೇ ಎತ್ತಲಿಲ್ಲ.

ಬಾಟಲಿ ಮಾರಿದವನಿಗೆ ಫೋನು ಮಾಡಿ ಬಿಲ್ ಕೇಳಿದೆ. ಭಾವನಿಗೆ ಅವನು ಕೊಟ್ಟಿದ್ದು ಕೈಬರಹದ ಚೀಟಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ ಎಂದಾಗ ದನಿ ಮೆತ್ತಗಾಯಿತು. ಸೀಲು ಒಡೆಯದ ಎಂಟು ಬಾಟಲಿಗಳನ್ನು ಒಂದಕ್ಕೆ ಸಾವಿರದಂತೆ ವಾಪಸ್ ತೆಗೆದುಕೊಂಡ. ಉಳಿದ ನಾಲ್ಕಕ್ಕೆ ಭಾವನ ಕೈಬಿಟ್ಟಿದ್ದು ಏಳು ಸಾವಿರ, ಬಾಟಲಿಗೆ 1,750. ಎಂಆರ್‌ಪಿಗಿಂತ 250 ಹೆಚ್ಚು. ಗ್ರಾಂ ಲೆಕ್ಕ ಹಾಕಿದರೆ 97 ರೂಪಾಯಿ. ವಾಪಸ್ ಬಂದ ಎಂಟು ಸಾವಿರವನ್ನು ಅಕ್ಕ ಭಾವನ ಕೈಗೆ ಕೊಟ್ಟಿಲ್ಲ.